ಬರಹ ಒಂದೇ, ಅರ್ಥ ಬೇರೆ

ಕಳೆದ ವರ್ಷ ನಮ್ಮ ಮನೆಗೆ ಒಂದು ನೋಟಿಸ್ ಬಂತು. ದಾದಾ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಜಾಗದ ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದೆವು. ನೋಟಿಸಿನಲ್ಲಿ ವಾರಸುದಾರರ ಹೆಸರುಗಳಿದ್ದವು. ಕೊನೆಯಲ್ಲಿ, ತಕರಾರು ಇದ್ದರೆ 30 ದಿನಗಳೊಳಗೆ ಬರವಣಿಗೆಯಲ್ಲಿ ಸಲ್ಲಿಸಬೇಕು ಎಂದಿತ್ತು. ನಮ್ಮ ಮನೆಯಲ್ಲಿ ಕನ್ನಡ ಸರಾಗವಾಗಿ ಓದುವವಳು ನಾನೊಬ್ಬಳೇ. ದಾದಿಯ ಪಕ್ಕ ಕುಳಿತು ಒಂದೊಂದೇ ಸಾಲನ್ನು ಉರ್ದುವಿನಲ್ಲಿ ಹೇಳಿದೆ. ‘ತಕರಾರು’ ಬಂದಾಗ ಅದನ್ನು ಅನುವಾದ ಮಾಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅದು ನಮ್ಮದೇ ಪದ ಅಲ್ಲವೇ? ಹಾಗೆಯೇ ಹೇಳಿಬಿಟ್ಟೆ. ದಾದಿ, “ಹಮ್ನಾ ಕಿಸ್ಸೇಭೀ ತಕ್ರಾರ್ ನೈ” ಎಂದರು. ಉರ್ದುವಿನಲ್ಲಿ ತಕ್ರಾರ್ ಎಂದರೆ ಜಗಳ. ನಮಗೆ ಯಾರೊಂದಿಗೂ ಜಗಳವಿಲ್ಲ ಎಂದು ನೋಟಿಸನ್ನು ಬೀರುವಿನಲ್ಲಿ ಇಟ್ಟೆವು. ಪಟ್ಟಿಯಲ್ಲಿ ಫುಪ್ಪುವಿನ ಹೆಸರು ಬಿಟ್ಟುಹೋಗಿದೆ ಎಂದು ತಿಳಿಯುವಷ್ಟರಲ್ಲಿ 30 ದಿನ ಮುಗಿದಿತ್ತು. ಆ ಹೆಸರು ಸೇರಿಸಲು ಅಬ್ಬಾ ಎಂಟು ತಿಂಗಳು ಓಡಾಡಿದರು. ಜಗಳ ಇಲ್ಲದಿದ್ದರೂ ತಕರಾರು ಸಲ್ಲಿಸಬಹುದು ಎಂದು ನನಗೆ ಆಮೇಲೆ ಗೊತ್ತಾಯಿತು.

ವಿಚಿತ್ರವೆಂದರೆ ಅದೇ ಪದವನ್ನು ನಾನು ಚಿಕ್ಕವಳಿದ್ದಾಗ ಮೂರನೆಯ ಅರ್ಥದಲ್ಲೂ ಕೇಳಿದ್ದೆ. ಅರಬ್ಬಿ ಪಾಠದಲ್ಲಿ ತಕ್ರಾರ್ ಮಾಡಿ ಎಂದರೆ ಪಾಠವನ್ನು ಮತ್ತೆ ಮತ್ತೆ ಹೇಳಿ ಎಂದು. ಮೂಲ ಅರ್ಥ ಅದೇ: ಪುನರಾವರ್ತನೆ. ಮಾತಿಗೆ ಮಾತು ಮತ್ತೆ ಮತ್ತೆ ಬೆಳೆದರೆ ಜಗಳವಾಗುತ್ತದೆ, ಜಗಳ ಕಚೇರಿಗೆ ಹೋದರೆ ಆಕ್ಷೇಪಣೆಯಾಗುತ್ತದೆ. ಹೀಗೆ ಒಂದೇ ಪದ ಮೂರು ಕಡೆ ಮೂರು ಅರ್ಥ ಪಡೆದಿದೆ.

ಈ ಘಟನೆಯ ನಂತರ ಇಂಥ ಪದಗಳನ್ನು ಹುಡುಕುವ ಅಭ್ಯಾಸ ಹತ್ತಿತು. ಹುಡುಕುತ್ತಾ ಹೋದಾಗ ಇದರ ಅತಿ ದೊಡ್ಡ ಉದಾಹರಣೆ ಚೀನಾ ಮತ್ತು ಜಪಾನಿನಲ್ಲಿದೆ ಎಂದು ತಿಳಿಯಿತು. ಅಲ್ಲಿ ಸಾವಿರಾರು ಪದಗಳ ಬರಹ ಒಂದೇ. ಆದರೆ ಅವುಗಳಲ್ಲಿ ಕೆಲವಕ್ಕೆ ಚೀನೀಯರಿಗೆ ಒಂದು ಅರ್ಥ, ಜಪಾನೀಯರಿಗೆ ಇನ್ನೊಂದು. ಬೌದ್ಧ ಗ್ರಂಥದಲ್ಲಿ ಕೆಲವೊಮ್ಮೆ ಎರಡೂ ಅಲ್ಲದ ಮೂರನೆಯದು. (ನಮ್ಮ ಪತ್ರಿಕೆಯ ಟೈಪಿಂಗಿನಲ್ಲಿ ಚೀನೀ ಅಕ್ಷರ ಬರುವುದಿಲ್ಲ. ಆದ್ದರಿಂದ ಉಚ್ಚಾರಣೆಯನ್ನು ಕನ್ನಡದಲ್ಲಿ ಆದಷ್ಟು ಹತ್ತಿರವಾಗಿ ಬರೆದಿದ್ದೇನೆ.)

ಮೊದಲು ಇದು ಹೇಗೆ ಸಾಧ್ಯ ಎಂದು ಹೇಳಬೇಕು. ಕನ್ನಡದ ಅಕ್ಷರ ಧ್ವನಿಯನ್ನು ಸೂಚಿಸುತ್ತದೆ. ಚೀನೀ ಅಕ್ಷರ ಹೆಚ್ಚಾಗಿ ಒಂದು ಪೂರ್ತಿ ಪದವನ್ನೋ ಪದದ ಅರ್ಥವುಳ್ಳ ಭಾಗವನ್ನೋ ಸೂಚಿಸುತ್ತದೆ. ಅಂಕಿಗಳನ್ನು ನೆನಪಿಸಿಕೊಳ್ಳಿ. 5 ಎಂದು ಬರೆದರೆ ನಾವು ಐದು ಎನ್ನುತ್ತೇವೆ, ದಾದಿ ಪಾಂಚ್ ಎನ್ನುತ್ತಾರೆ. ಬರಹ ಒಂದೇ, ಧ್ವನಿ ಬೇರೆ. ಜಪಾನೀ ಭಾಷೆಗೂ ಚೀನೀ ಭಾಷೆಗೂ ಹುಟ್ಟಿನಿಂದ ಸಂಬಂಧವಿಲ್ಲ. ಆದರೆ ಜಪಾನೀಯರಿಗೆ ಸ್ವಂತ ಲಿಪಿ ಇರಲಿಲ್ಲ. ಕೊರಿಯಾದ ಮೂಲಕ ಬಂದ ಚೀನೀ ಅಕ್ಷರಗಳನ್ನೇ ತೆಗೆದುಕೊಂಡರು. ಆರನೆಯ ಶತಮಾನದ ನಡುವಿನಲ್ಲಿ ಬೌದ್ಧ ಧರ್ಮವೂ ಅದೇ ದಾರಿಯಲ್ಲಿ, ಚೀನೀ ಲಿಪಿಯ ಗ್ರಂಥಗಳೊಂದಿಗೆ ಬಂತು. ಅಕ್ಷರ ಬಂದ ಮೇಲೆ ಎರಡು ದೇಶಗಳಲ್ಲಿ ಜನರ ಬದುಕು ಬೇರೆ ಬೇರೆಯಾಗಿ ಸಾಗಿತು, ಅರ್ಥಗಳೂ ಬೇರೆಯಾದವು.

ಕೆಲವು ನಗು ತರಿಸುತ್ತವೆ. ‘ಕೈ’ ಮತ್ತು ‘ಕಾಗದ’ ಎಂಬ ಎರಡು ಅಕ್ಷರಗಳನ್ನು ಜೊತೆಗೆ ಬರೆದರೆ ಜಪಾನಿನಲ್ಲಿ ‘ತೆಗಾಮಿ’, ಅಂದರೆ ಪತ್ರ. ಚೀನಾದಲ್ಲಿ ಅದನ್ನೇ ‘ಶೌಜಿ’ ಎಂದು ಓದುತ್ತಾರೆ, ಅದು ಶೌಚಾಲಯದ ಕಾಗದ! ಜಪಾನಿನ ಹುಡುಗಿ ನನಗೊಂದು ತೆಗಾಮಿ ಕಳಿಸು ಎಂದು ಬರೆದರೆ ಚೀನಾದ ಗೆಳತಿ ಏನು ಕಳಿಸಿಯಾಳು?

ವಿದ್ಯಾರ್ಥಿಗಳಾದ ನಮಗೆ ಇನ್ನೂ ಹಿಡಿಸುವ ಪದ ‘ಬೆಂಕ್ಯೋ’. ಜಪಾನಿನಲ್ಲಿ ಬೆಂಕ್ಯೋ ಎಂದರೆ ಓದು, ಅಭ್ಯಾಸ. ಅದೇ ಬರಹ ಚೀನಾದಲ್ಲಿ ‘ಮ್ಯೆನ್‌ಚ್ಯಾಂಗ್’. ಅರ್ಥ, ಮನಸ್ಸಿಲ್ಲದೆ ಒತ್ತಾಯಕ್ಕೆ ಮಾಡುವುದು. ಪರೀಕ್ಷೆಯ ಹಿಂದಿನ ರಾತ್ರಿ ಎರಡೂ ಅರ್ಥ ಸರಿಹೊಂದುತ್ತದೆ ಎಂದು ನನ್ನ ಗೆಳತಿ ಹೇಳಿದಳು. ಇಷ್ಟೇ ಅಲ್ಲ, ಜಪಾನಿನ ಅಂಗಡಿಯವರು ಗಿರಾಕಿಗೆ “ಬೆಂಕ್ಯೋ ಮಾಡುತ್ತೇನೆ” ಎಂದರೆ ಬೆಲೆ ಕಡಿಮೆ ಮಾಡಿಕೊಡುತ್ತೇನೆ ಎಂದರ್ಥ. ಕಷ್ಟವಾದರೂ ಪ್ರಯತ್ನಪಡುತ್ತೇನೆ ಎಂಬ ಹಳೆಯ ಭಾವ ಮೂರರಲ್ಲೂ ಎಲ್ಲೋ ಉಳಿದಿದೆ.

ಈಗ ಬೌದ್ಧ ಪದಗಳಿಗೆ ಬರುತ್ತೇನೆ. ಇಲ್ಲಿ ನಮಗೆ ಪರಿಚಯದ ಮುಖಗಳು ಸಿಗುತ್ತವೆ, ಏಕೆಂದರೆ ಮೂಲ ಗ್ರಂಥಗಳು ಹೋದದ್ದು ಭಾರತದಿಂದ. ಸಂಸ್ಕೃತ ಪದಗಳನ್ನು ಚೀನೀ ಭಾಷೆಗೆ ತರುವವರ ಮುಂದೆ ಎರಡು ದಾರಿಗಳಿದ್ದವು. ಒಂದು, ಅರ್ಥವನ್ನು ಅನುವಾದಿಸುವುದು. ಇನ್ನೊಂದು, ಧ್ವನಿಯನ್ನು ಮಾತ್ರ ಚೀನೀ ಅಕ್ಷರಗಳಲ್ಲಿ ಹಿಡಿಯುವುದು. ಯಾವಾಗ ಅನುವಾದಿಸಬಾರದು ಎಂಬುದಕ್ಕೆ ಹ್ಯೂಯೆನ್‌ತ್ಸಾಂಗ್ ಐದು ಸಂದರ್ಭಗಳನ್ನು ಹೇಳಿದ್ದನೆಂಬ ಮಾತಿದೆ. ಇತಿಹಾಸದ ಪಾಠದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ ಎಂದು ಓದಿದ್ದೇವಲ್ಲ, ಅದೇ ಯಾತ್ರಿಕ. 645ರಲ್ಲಿ ಚೀನಾಕ್ಕೆ ಮರಳಿದ ಮೇಲೆ ಸಾಯುವವರೆಗೆ, ಅಂದರೆ 664ರವರೆಗೆ, ಅನುವಾದದಲ್ಲೇ ಕಳೆದ. ಮಂತ್ರದಂಥ ಗೂಢ ಮಾತು, ಒಂದಕ್ಕಿಂತ ಹೆಚ್ಚು ಅರ್ಥವಿರುವ ಪದ, ಚೀನಾದಲ್ಲಿ ಇಲ್ಲದ ವಸ್ತು, ಹಿಂದಿನವರು ಧ್ವನಿಯಲ್ಲೇ ಬಳಸಿಕೊಂಡು ಬಂದ ಪದ, ಅನುವಾದಿಸಿದರೆ ಗೌರವ ಕಡಿಮೆಯಾಗುವ ಪದ, ಇವನ್ನು ಹಾಗೆಯೇ ಬಿಡಬೇಕು. ಇಲ್ಲದ ವಸ್ತುವಿಗೆ ಕೊಟ್ಟ ಉದಾಹರಣೆ ಜಂಬೂ ಮರ, ನಮ್ಮ ನೇರಳೆ. ಗೌರವಕ್ಕೆ ಉದಾಹರಣೆ ‘ಪ್ರಜ್ಞಾ’. ಅದನ್ನು ಜಾಣತನ ಎಂದು ಅನುವಾದಿಸಿದರೆ ಹಗುರವಾಗುತ್ತದೆ ಎಂದು ಧ್ವನಿಯಲ್ಲೇ ಉಳಿಸಿದರು.

ಆ ಗೌರವಕ್ಕೆ ಮುಂದೆ ಏನಾಯಿತು ನೋಡಿ. ಜಪಾನಿನಲ್ಲಿ ಅದೇ ಅಕ್ಷರಗಳನ್ನು ‘ಹನ್ಯಾ’ ಎಂದು ಓದುತ್ತಾರೆ. ಗ್ರಂಥದಲ್ಲಿ ಹನ್ಯಾ ಎಂದರೆ ಇಂದಿಗೂ ಪರಮ ಜ್ಞಾನ. ಆದರೆ ನೋ ಎಂಬ ಹಳೆಯ ನಾಟಕದಲ್ಲಿ ಹನ್ಯಾ ಎಂದರೆ ಕೊಂಬು, ಕೋರೆಹಲ್ಲು ಇರುವ ಹೆಣ್ಣು ದೆವ್ವದ ಮುಖವಾಡ. ಆ ಮುಖವಾಡ ಕೆತ್ತಿದ ಸನ್ಯಾಸಿಯ ಹೆಸರು ಹನ್ಯಾ ಎಂದಿತ್ತು, ಅದರಿಂದ ಈ ಹೆಸರು ಬಂತು ಎನ್ನುತ್ತಾರೆ. ಮದ್ಯ ಕುಡಿಯಬಾರದ ಸನ್ಯಾಸಿಗಳು ಕದ್ದು ಕುಡಿಯುವಾಗ ಅದನ್ನು ‘ಹನ್ಯಾತೋ’, ಪ್ರಜ್ಞೆಯ ಬಿಸಿನೀರು, ಎಂದು ಕರೆದುಕೊಂಡರಂತೆ. ಹೆಸರು ಬದಲಿಸಿದರೆ ಹರಾಮ್ ಹಲಾಲ್ ಆಗುವುದಿಲ್ಲ ಎಂದು ನಮ್ಮ ಉಸ್ತಾದರು ಹೇಳಿದ್ದು ನೆನಪಾಯಿತು.

ಧ್ವನಿಯಾಗಿ ಹೋದ ಇನ್ನೂ ಕೆಲವು ಪದಗಳಿವೆ. ‘ಕ್ಷಣ’ ಜಪಾನಿನಲ್ಲಿ ‘ಸೆತ್ಸುನಾ’, ಅರ್ಥ ಬದಲಾಗಿಲ್ಲ. ‘ನರಕ’ ಜಪಾನಿನಲ್ಲಿ ‘ನರಾಕು’. ಕಬುಕಿ ನಾಟಕದವರು ರಂಗದ ಕೆಳಗಿನ ಕತ್ತಲೆ ನೆಲಮಾಳಿಗೆಯನ್ನೂ ನರಾಕು ಎನ್ನುತ್ತಾರೆ. ‘ದಾನ’ದಿಂದ ‘ದನ್ನಾ’ ಆಯಿತು. ಮೊದಲು ಮಠಕ್ಕೆ ದಾನ ಕೊಡುವವ, ಆಮೇಲೆ ಅಂಗಡಿಯ ಯಜಮಾನ, ಕೊನೆಗೆ ಗಂಡ. ದುಡ್ಡು ಕೊಡುವವನೇ ದನ್ನಾ ಎನ್ನುವುದು ಮೂರಕ್ಕೂ ಸಾಮಾನ್ಯ.

ಅನುವಾದವಾಗಿ ಹೋದ ಪದಗಳ ಕಥೆ ಇದಕ್ಕಿಂತ ಸೂಕ್ಷ್ಮ, ನಮ್ಮ ವಾಣಿಜ್ಯ ವಿಭಾಗಕ್ಕೂ ಸಂಬಂಧಿಸಿದ್ದು. ‘ಅನುಕೂಲ’ ಮತ್ತು ‘ವೃದ್ಧಿ’ ಎಂಬ ಅರ್ಥದ ಎರಡು ಅಕ್ಷರಗಳಿವೆ. ಬೌದ್ಧ ಗ್ರಂಥದಲ್ಲಿ ಆ ಜೋಡಿಗೆ ಇತರ ಜೀವಿಗಳಿಗೆ ಹಿತ ಮಾಡುವುದು ಎಂದರ್ಥ. ಜಪಾನಿನ ದೇವಾಲಯದಲ್ಲಿ ಅದನ್ನು ಗೌರವದಿಂದ ‘ಗೊರಿಯಾಕು’ ಎನ್ನುತ್ತಾರೆ: ಪ್ರಾರ್ಥಿಸಿದ್ದಕ್ಕೆ ಸಿಗುವ ಕೃಪೆ. ದೇವಾಲಯದಿಂದ ಹೊರಬಂದು ಒಂದು ಕಂಪನಿಯ ಲಾಭ ನಷ್ಟದ ಪಟ್ಟಿ ತೆರೆದರೆ ಅದೇ ಎರಡು ಅಕ್ಷರಗಳು ‘ರಿಯೆಕಿ’ ಎಂಬ ಉಚ್ಚಾರಣೆಯಲ್ಲಿ ಕುಳಿತಿವೆ: ಲಾಭ. ಉಚ್ಚಾರಣೆ ಎರಡಾಗಲು ಕಾರಣವಿದೆ. ಮೊದಲು ಬಂದ ಚೀನೀ ಉಚ್ಚಾರಣೆ ಸನ್ಯಾಸಿಗಳ ಬಾಯಲ್ಲಿ ಉಳಿಯಿತು. ಆಮೇಲೆ ತಾಂಗ್ ರಾಜಧಾನಿಯಿಂದ ಬಂದ ಹೊಸ ಉಚ್ಚಾರಣೆ ಲೌಕಿಕ ವ್ಯವಹಾರಕ್ಕೆ ಹೋಯಿತು. ಚೀನಾದಲ್ಲಿ ಈ ಜೋಡಿಯನ್ನು ‘ಲೀಯಿ’ ಎಂದು ಓದಿ, ದೇಶದ ಹಿತಾಸಕ್ತಿ, ಜನರ ಹಿತಾಸಕ್ತಿ ಎನ್ನುವಾಗ ಬಳಸುತ್ತಾರೆ. ಕಂಪನಿಯ ಲಾಭಕ್ಕೆ ಅಲ್ಲಿ ‘ಲಿರುನ್’ ಎಂಬ ಬೇರೆ ಪದವಿದೆ. ಹಾಗಾಗಿ ಜಪಾನಿನ ಬ್ಯಾಲೆನ್ಸ್ ಶೀಟನ್ನು ಚೀನಾದ ವಿದ್ಯಾರ್ಥಿ ಅಕ್ಷರ ನೋಡಿ ಅರ್ಥ ಮಾಡಿಕೊಳ್ಳಲು ಹೋದರೆ, ನಾನು ನೋಟಿಸಿನಲ್ಲಿ ಮಾಡಿದ ತಪ್ಪನ್ನೇ ಮಾಡಬಹುದು.

‘ಉಪಾಯ’ಕ್ಕೆ ಬಂದ ಅನುವಾದವೂ ಹೀಗೆಯೇ. ಕುಮಾರಜೀವ 406ರಲ್ಲಿ ಅನುವಾದಿಸಿದ ಸದ್ಧರ್ಮಪುಂಡರೀಕ ಸೂತ್ರದಲ್ಲಿ ಒಂದು ಕಥೆಯಿದೆ. ಮನೆಗೆ ಬೆಂಕಿ ಬಿದ್ದಿದೆ, ಮಕ್ಕಳು ಆಟ ಬಿಟ್ಟು ಬರುವುದಿಲ್ಲ. ಹೊರಗೆ ನಿಮಗಾಗಿ ಬಂಡಿಗಳಿವೆ ಎಂದು ತಂದೆ ಆಸೆ ತೋರಿಸಿ ಹೊರಗೆ ತರುತ್ತಾನೆ. ಕೇಳುವವರ ಬುದ್ಧಿಗೆ ತಕ್ಕಂತೆ ಸತ್ಯದ ಕಡೆ ಕರೆತರುವ ದಾರಿಯೇ ಈ ಉಪಾಯ. ಜಪಾನಿನಲ್ಲಿ ಅದು ‘ಹೋಬೆನ್’. ಒಳ್ಳೆಯ ಉದ್ದೇಶಕ್ಕೆ ಹೇಳುವ ಸುಳ್ಳನ್ನು ಸಮರ್ಥಿಸಲು ಈಗ ಈ ಪದ ಹೆಚ್ಚು ಬಳಕೆಯಾಗುತ್ತದೆ. ಚೀನಾದಲ್ಲಿ ಅದೇ ‘ಫಾಂಗ್‌ಬ್ಯೆನ್’, ಅನುಕೂಲಕರ ಎಂದಷ್ಟೇ ಅರ್ಥ. ಬಿಸಿನೀರು ಹಾಕಿದರೆ ತಯಾರಾಗುವ ನೂಡಲ್ಸ್‌ಗೆ ಅಲ್ಲಿ ‘ಫಾಂಗ್‌ಬ್ಯೆನ್‌ಮ್ಯೆನ್’ ಎನ್ನುತ್ತಾರೆ. ಸೂತ್ರದ ಅಧ್ಯಾಯದ ಹೆಸರು ನೂಡಲ್ಸ್ ಪೊಟ್ಟಣದ ಮೇಲಿದೆ.

ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ‘ಮಾನ’. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ, ಕಾಪಾಡಿಕೊಳ್ಳಬೇಕಾದದ್ದು. ಬೌದ್ಧರಲ್ಲಿ ಮಾನ ಎಂದರೆ ಅಹಂಕಾರ, ಬಿಡಬೇಕಾದದ್ದು. ಅದಕ್ಕೆ ಚೀನೀ ಅನುವಾದಕರು ಆರಿಸಿದ ಅಕ್ಷರಕ್ಕೆ ಚೀನಾದಲ್ಲಿ ಇಂದಿನ ಸಾಮಾನ್ಯ ಅರ್ಥ ‘ನಿಧಾನ’. ರಸ್ತೆಯ ಮೇಲೆ ವಾಹನಗಳಿಗೆ ನಿಧಾನ ಎಂದು ಬರೆಯುವುದು ಅದನ್ನೇ. ಅದರ ಹಿಂದೆ ‘ನಾನು’ ಎಂಬ ಅಕ್ಷರ ಸೇರಿಸಿದರೆ ಬೌದ್ಧ ಪದ ‘ನಾನು ಎಂಬ ಗರ್ವ’. ಜಪಾನಿನಲ್ಲಿ ಅದನ್ನು ‘ಗಮನ್’ ಎಂದು ಓದುತ್ತಾರೆ, ಅರ್ಥ ತಾಳ್ಮೆ, ಸಹನೆ! ಜಪಾನಿನ ತಾಯಂದಿರು ಮಕ್ಕಳಿಗೆ ಕಲಿಸುವ ಗುಣಗಳಲ್ಲಿ ಅದು ದೊಡ್ಡದು. ಹಟದಿಂದ ನಾನು ಬಗ್ಗುವುದಿಲ್ಲ ಎಂದು ನಿಂತವನು ನೋವನ್ನೂ ತಡೆದುಕೊಳ್ಳುತ್ತಾನೆ, ಆ ದಾರಿಯಲ್ಲಿ ದೋಷ ಗುಣವಾಗಿಬಿಟ್ಟಿತು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಈಗ ಹೇಳುವುದು ಬೇರೆ ಥರದ್ದು.

1972ರ ಸೆಪ್ಟೆಂಬರ್ 25ರಂದು ಜಪಾನಿನ ಪ್ರಧಾನಿ ತಾನಾಕಾ ಕಾಕುಯೇಯಿ ಬೀಜಿಂಗಿಗೆ ಬಂದಿಳಿದರು. 1937ರಿಂದ 1945ರವರೆಗೆ ಜಪಾನಿನ ಸೈನ್ಯ ಚೀನಾದಲ್ಲಿ ನಡೆಸಿದ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಯುದ್ಧ ಮುಗಿದು 27 ವರ್ಷವಾದರೂ ಬೀಜಿಂಗ್ ಸರ್ಕಾರದೊಂದಿಗೆ ಜಪಾನಿಗೆ ಅಧಿಕೃತ ಸಂಬಂಧವಿರಲಿಲ್ಲ. ಅದನ್ನು ಸರಿಪಡಿಸಲು ಬಂದ ಪ್ರಧಾನಿ ಅಂದು ಸಂಜೆ ಔತಣಕೂಟದಲ್ಲಿ ಭಾಷಣ ಮಾಡಿದರು. ನಮ್ಮ ದೇಶ ಚೀನಾದ ಜನರಿಗೆ ದೊಡ್ಡ ‘ಮೇವಾಕು’ ಉಂಟುಮಾಡಿತು, ಅದಕ್ಕೆ ಆಳವಾದ ಪಶ್ಚಾತ್ತಾಪವಿದೆ ಎಂದರು.

ಮೇವಾಕು ಕೂಡ ಹಂಚಿಕೊಂಡ ಬರಹವೇ. ಮೊದಲ ಅಕ್ಷರಕ್ಕೆ ದಾರಿ ತಪ್ಪುವುದು ಎಂದರ್ಥ. ಎರಡನೆಯದಕ್ಕೆ ಮನಸ್ಸಿನ ಗೊಂದಲ, ಬೌದ್ಧ ಗ್ರಂಥಗಳಲ್ಲಿ ಸಂಸ್ಕೃತದ ‘ಕ್ಲೇಶ’ಕ್ಕೂ ಅದೇ ಅಕ್ಷರವನ್ನು ಬಳಸಿದ್ದಾರೆ. ಕ್ಲೇಶ ಎಂದರೆ ನಮಗೆ ದುಃಖ, ಅವರಿಗೆ ಮನಸ್ಸಿನ ಕೊಳೆ. ಎರಡೂ ಸೇರಿ ಸತ್ಯ ಕಾಣದ ಭ್ರಮೆ. ಚೀನೀ ಮಾತಿನಲ್ಲಿ ಅದು ‘ಮೀಹ್ವೊ’, ಇಂದಿಗೂ ಗೊಂದಲ ಎಂದೇ ಅರ್ಥ. ಜಪಾನಿನಲ್ಲಿ ಮಾತ್ರ ಅರ್ಥ ಜಾರಿತು. ಮೊದಲು ನನ್ನೊಳಗಿನ ಗೊಂದಲವಾಗಿದ್ದದ್ದು ಆಮೇಲೆ ಇನ್ನೊಬ್ಬರಿಂದ ನನಗಾಗುವ ತೊಂದರೆಯಾಯಿತು. ಈಗ ಅಡ್ಡಾದಿಡ್ಡಿ ನಿಲ್ಲಿಸಿದ ವಾಹನವೂ ಮೇವಾಕು, ಮೊಬೈಲಿಗೆ ಬರುವ ಬೇಡದ ಮೆಸೇಜೂ ಮೇವಾಕು.

ದುಭಾಷಿ ಅಕ್ಷರ ನೋಡಿ ‘ಮೀಹ್ವೊ’ ಎಂದಿದ್ದರೆ, ನಿಮ್ಮನ್ನು ಗೊಂದಲಕ್ಕೀಡು ಮಾಡಿದೆವು ಎಂದಾಗುತ್ತಿತ್ತು. ಅವರು ನಾನು ಮಾಡಿದ ತಪ್ಪನ್ನು ಮಾಡಲಿಲ್ಲ. ಅರ್ಥ ನೋಡಿ ‘ಮಾಫಾನ್’ ಎಂಬ ಚೀನೀ ಪದ ಹಾಕಿದರು, ಅಂದರೆ ತೊಂದರೆ, ತಾಪತ್ರಯ. ನಿಘಂಟಿನ ಪ್ರಕಾರ ಸರಿ. ಆದರೆ ಮಾಫಾನ್ ಎಂದರೆ ಚಿಲ್ಲರೆ ತೊಂದರೆ. ಸ್ವಲ್ಪ ಸರಿಯುತ್ತೀರಾ, ತೊಂದರೆ ಕೊಟ್ಟೆ ಎನ್ನುತ್ತೇವಲ್ಲ, ಆ ಥರದ್ದು. ಅಲ್ಲಿಯವರೆಗೆ ಚಪ್ಪಾಳೆ ತಟ್ಟುತ್ತಿದ್ದ ಸಭೆ ಮೌನವಾಯಿತು. ಮರುದಿನ ಮಾತುಕತೆಯಲ್ಲಿ ಪ್ರಧಾನಿ ಚೌ ಎನ್‌ಲಾಯ್ ನೇರವಾಗಿ ಆಕ್ಷೇಪಿಸಿದರು: ದಾರಿಯಲ್ಲಿ ಹೋಗುವ ಹೆಂಗಸಿನ ಲಂಗಕ್ಕೆ ನೀರು ಹಾರಿದರೆ ಹೇಳುವ ಮಾತದು. ಕ್ಷಮೆ ಕೇಳುವಾಗಲೂ ನಾವು ಆ ಪದ ಬಳಸುತ್ತೇವೆ ಎಂದು ತಾನಾಕಾ ವಿವರಿಸಬೇಕಾಯಿತು.

ಇಲ್ಲಿ ತಪ್ಪು ಯಾರದು ಎಂದು ನಾನು ತುಂಬಾ ಯೋಚಿಸಿದೆ. ದುಭಾಷಿಯದು ಎಂದು ಹೇಳುವುದು ಸುಲಭ. ಆದರೆ ಜಪಾನೀ ಭಾಷೆಯಲ್ಲೂ ಮೇವಾಕು ಅಷ್ಟು ಭಾರದ ಪದವಲ್ಲ. ಭಾಷಣ ಬರೆದವರು ಬೇಕೆಂದೇ ಹಗುರವಾದ ಪದ ಆರಿಸಿದರು ಎನ್ನುವವರೂ ಇದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ಅನುವಾದ ಕೆಟ್ಟದ್ದಾಗಿದ್ದರಿಂದ ಅಲ್ಲ, ಸರಿಯಾಗಿದ್ದರಿಂದಲೇ ಸಿಕ್ಕಿಬಿದ್ದರು.

27ರ ರಾತ್ರಿ ಮಾವೋ ತ್ಸೆ ತುಂಗ್ ತಾನಾಕಾರನ್ನು ಕರೆಸಿಕೊಂಡು ಮೇವಾಕು ವಿಷಯ ಬಗೆಹರಿಯಿತೇ ಎಂದು ವಿಚಾರಿಸಿದರು, ಬೀಳ್ಕೊಡುವಾಗ ಒಂದು ಪುಸ್ತಕ ಕೊಟ್ಟರು. ಅದು ಚೀನಾದ ಹಳೆಯ ಕವಿತೆಗಳ ಸಂಗ್ರಹ ‘ಚೂ ತ್ಸ’ಕ್ಕೆ ಬರೆದ ವ್ಯಾಖ್ಯಾನ. ಆ ಸಂಗ್ರಹದ ಒಂದು ಕವಿತೆಯಲ್ಲಿ ಇದೇ ಎರಡು ಅಕ್ಷರಗಳು ಮನಸ್ಸಿನ ಗೊಂದಲ ಎಂಬ ಅರ್ಥದಲ್ಲಿ ಬರುತ್ತವೆ. ಪದದ ಮೂಲ ಎಲ್ಲಿದೆ ನೋಡಿ ಎಂದು ಸೂಚಿಸಲೆಂದೇ ಆ ಪುಸ್ತಕ ಕೊಟ್ಟರು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಸೆಪ್ಟೆಂಬರ್ 29ರಂದು ಜಂಟಿ ಹೇಳಿಕೆಗೆ ಸಹಿಯಾಯಿತು. ಅದರಲ್ಲಿ ಮೇವಾಕು ಇಲ್ಲ, ಮಾಫಾನ್ ಕೂಡ ಇಲ್ಲ. ಯುದ್ಧದಿಂದ ಚೀನಾದ ಜನರಿಗೆ ಉಂಟುಮಾಡಿದ ಭಾರೀ ‘ಸೊಂಗಾಯ್’ನ ಹೊಣೆಯನ್ನು ಜಪಾನ್ ಒಪ್ಪಿಕೊಂಡಿತು. ಸೊಂಗಾಯ್ ಎಂದರೆ ನಷ್ಟ, ಹಾನಿ. ಇದರ ಮೊದಲ ಅಕ್ಷರ ಕಂಪನಿಯ ಲಾಭ ನಷ್ಟದ ಪಟ್ಟಿಯಲ್ಲಿ ನಷ್ಟಕ್ಕೆ ಬರೆಯುವ ಅಕ್ಷರವೇ. ಅದೇ ಹೇಳಿಕೆಯಲ್ಲಿ ಚೀನಾ ಯುದ್ಧ ಪರಿಹಾರದ ಹಣವನ್ನು ಕೇಳುವುದಿಲ್ಲ ಎಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಷ್ಟವನ್ನು ಪುಸ್ತಕದಲ್ಲಿ ಬರೆಸಿ ವಸೂಲಿಯನ್ನು ಬಿಟ್ಟರು.

ಪಶ್ಚಾತ್ತಾಪಕ್ಕೆ ಆರಿಸಿದ ಪದ ಜಪಾನಿನಲ್ಲಿ ‘ಹನ್ಸೇ’, ಚೀನಾದಲ್ಲಿ ‘ಫಾನ್‌ಶಿಂಗ್’. ಎರಡೂ ಪ್ರತಿಗಳಲ್ಲಿ ಬರಹ ಒಂದೇ: ಹಿಂತಿರುಗಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು. ಈ ಸಲ ಎರಡೂ ಕಡೆಯವರು ಕುಳಿತು ಪದ ಪದವಾಗಿ ನೋಡಿ ಬರೆದದ್ದು. ಹಾಗಿದ್ದರೂ ಆ ಎರಡು ಅಕ್ಷರಗಳ ತೂಕ ಎರಡು ಕಡೆಯೂ ಒಂದೇ ಎಂದು ಹೇಳಲು ನನಗೆ ಧೈರ್ಯವಿಲ್ಲ. ಜಪಾನಿನ ಶಾಲೆಗಳಲ್ಲಿ ಕ್ರೀಡಾಕೂಟವೋ ವಾರ್ಷಿಕೋತ್ಸವವೋ ಮುಗಿದ ಮೇಲೆ ಮಕ್ಕಳು ಕುಳಿತು, ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಾಯಿತು ಎಂದು ಮಾತಾಡಿಕೊಳ್ಳುತ್ತಾರೆ. ಆ ಸಭೆಯ ಹೆಸರೂ ‘ಹನ್ಸೇಕಾಯ್’.